ತಾಜಾ ಅಂಜೂರದ ಜಾಮ್ ಮನೆಯಲ್ಲೇ ಮಾಡುವುದು ಹೇಗೆ?

ಅಂಜೂರದ ಜಾಮ್ ಬಗ್ಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚು ಕಮ್ಮಿ ಮೂರೇ. "ಎಷ್ಟು ಕುದಿಸಿದರೂ ನೀರು ನೀರಾಗಿಯೇ ಇದೆ, ಏನು ಮಾಡಲಿ?" "ಮಾಡಿದ ದಿನ ಚೆನ್ನಾಗಿತ್ತು, ಮರುದಿನ ಚಮಚವೇ ಇಳಿಯುತ್ತಿಲ್ಲ, ಯಾಕೆ?" "ಮೂರೇ ವಾರಕ್ಕೆ ಬೂಸ್ಟು ಬಂತು, ಸಕ್ಕರೆ ಕಮ್ಮಿ ಆಯ್ತಾ?" ಒಬ್ಬೊಬ್ಬರಿಗೆ ಒಂದೊಂದು ಸಲ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಅಂಜೂರಕ್ಕೆ ಸಿಹಿ ಬೇಕಾದಷ್ಟಿದೆ, ಹುಳಿ ಮಾತ್ರ ತೀರಾ ಕಮ್ಮಿ. ಜಾಮ್ ಗಟ್ಟಿಯಾಗುವುದಕ್ಕೆ ಮೂರು ಸೇರಬೇಕು: ಸಕ್ಕರೆ, ಹುಳಿ ಮತ್ತು ಪೆಕ್ಟಿನ್. ಪೆಕ್ಟಿನ್ ಅಂದರೆ ಹಣ್ಣಿನ ಸಿಪ್ಪೆ, ತಿರುಳಿನಲ್ಲೇ ಇರುವ ಒಂದು ಬಗೆಯ ನಾರು. ಬಿಸಿಗೆ ಕರಗಿ, ಆರಿದಾಗ ಬಲೆಯ ಹಾಗೆ ಹೆಣೆದುಕೊಂಡು ರಸವನ್ನು ಹಿಡಿದಿಡುತ್ತದೆ. ಹುಳಿ ಇಲ್ಲದಿದ್ದರೆ ಈ ಬಲೆ ಸರಿಯಾಗಿ ಹೆಣೆಯುವುದಿಲ್ಲ. ಆಗ ನಾವು "ಇನ್ನೂ ಸ್ವಲ್ಪ ಕುದಿಯಲಿ" ಅಂತ ಒಲೆಯ ಮೇಲೇ ಬಿಡುತ್ತೇವೆ, ಜಾಮ್ ಹೋಗಿ ಮಿಠಾಯಿ ಪಾಕ ಆಗುತ್ತದೆ. ಬಾಟಲಿಯಲ್ಲಿ ಕೆಡದೆ ಉಳಿಯುವುದಕ್ಕೂ ಹುಳಿ ಬೇಕು. ಹುಳಿಯನ್ನು ಅಳೆಯುವ ಪಿಹೆಚ್ ಲೆಕ್ಕದಲ್ಲಿ ಅಂಕಿ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ. ಬಾಟಲಿಯಲ್ಲಿ ಮುಚ್ಚಿಡುವ ಪದಾರ್ಥ 4.6ಕ್ಕಿಂತ ಕೆಳಗಿರಬೇಕು. ಅಂಜೂರ ಸಾಮಾನ್ಯವಾಗಿ 5ರ ಮೇಲೇ ಇರುತ್ತದೆ. ಹಾಗಾಗಿ ಕೆಳಗೆ ಹೇಳುವ ನಿಂಬೆರಸವನ್ನು ರುಚಿಗೆ ತಕ್ಕಷ್ಟು ಅಂದುಕೊಂಡು ಕಮ್ಮಿ ಮಾಡಬೇಡಿ.

ಏನೇನು ಬೇಕು

ತೊಟ್ಟು ತೆಗೆದ ಅಂಜೂರ 1 ಕೆಜಿ, ಸಕ್ಕರೆ 600 ಗ್ರಾಂ, ನಿಂಬೆರಸ 60 ಮಿಲಿ (4 ದೊಡ್ಡ ಚಮಚ), ನೀರು ಅರ್ಧ ಕಪ್. ಇಷ್ಟಕ್ಕೆ ಹತ್ತಿರ ಹತ್ತಿರ 1.2 ಕೆಜಿ ಜಾಮ್ ಸಿಗುತ್ತದೆ.

ನಿಂಬೆಹಣ್ಣಿನ ಹುಳಿ ಹಣ್ಣಿಂದ ಹಣ್ಣಿಗೆ ಬದಲಾಗುತ್ತದೆ. ತಿಂಗಳುಗಟ್ಟಲೆ ಹೊರಗಿಡುವ ಜಾಮ್ ಆದರೆ ಬಾಟಲಿಯಲ್ಲಿ ಬರುವ ನಿಂಬೆರಸ ವಾಸಿ, ಅದರ ಹುಳಿ ಒಂದೇ ಮಟ್ಟದಲ್ಲಿರುತ್ತದೆ. ಅದೂ ಇಲ್ಲದಿದ್ದರೆ ಪುಡಿಯಾಗಿ ಸಿಗುವ ಸಿಟ್ರಿಕ್ ಆಸಿಡ್ 1 ಟೀ ಚಮಚ, ಮಟ್ಟಸವಾಗಿ ಅಳೆದು ಹಾಕಬಹುದು. ನಿಂಬೆಯ ಪರಿಮಳ ಬರುವುದಿಲ್ಲ, ಕೆಲಸ ಆಗುತ್ತದೆ.

ಪಾತ್ರೆ ಅಗಲವಾಗಿರಲಿ, ತಳ ದಪ್ಪ ಇರಲಿ, ಸ್ಟೀಲ್ ಆಗಿರಲಿ. ಬರಿ ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಅಗಲ ಯಾಕೆ ಅಂದರೆ ನೀರು ಬೇಗ ಆವಿಯಾಗಬೇಕು. ಕಿರಿದಾದ ಪಾತ್ರೆಯಲ್ಲಿ ಎರಡು ಪಟ್ಟು ಹೊತ್ತು ಕುದಿಸಬೇಕಾಗುತ್ತದೆ, ಅಷ್ಟರಲ್ಲಿ ಬಣ್ಣ ಕಪ್ಪಗಾಗಿರುತ್ತದೆ. ಜಾಮ್ ಉಬ್ಬಿ ಬರುವುದರಿಂದ ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ.

ಮರದ ಸೌಟು, ಅಡುಗೆಮನೆಯ ತಕ್ಕಡಿ, ಗಾಜಿನ ಬಾಟಲಿಗಳು, ಹೊಸ ಮುಚ್ಚಳಗಳು, ಎರಡು ಸಣ್ಣ ಪಿಂಗಾಣಿ ತಟ್ಟೆ. ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ಕಿವಿಮಾತು. ಪಾತ್ರೆ ಮತ್ತು ಸೌಟು ಖಾಲಿ ಇರುವಾಗಲೇ ಎರಡನ್ನೂ ಸೇರಿಸಿ ತೂಕ ಮಾಡಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇದು ಯಾಕೆ ಅನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

1. ಹಣ್ಣು ಆರಿಸುವುದು

ಅಂಜೂರ ಗಿಡದಿಂದ ಕಿತ್ತ ಮೇಲೆ ಬಾಳೆಹಣ್ಣಿನ ಹಾಗೆ ಮಾಗುವುದಿಲ್ಲ. ಮೆತ್ತಗಾಗಬಹುದು, ಸಿಹಿ ಮಾತ್ರ ಏರುವುದಿಲ್ಲ. ಗಟ್ಟಿ ಕಾಯಿ ತಂದು "ನಾಲ್ಕು ದಿನ ಇಟ್ಟು ಮಾಡೋಣ" ಅಂದುಕೊಂಡರೆ ಕೊಳೆತ ಕಾಯಿ ಸಿಗುತ್ತದೆ ಅಷ್ಟೆ. ಮಾಗಿದ ಹಣ್ಣು ಕತ್ತಿನ ಹತ್ತಿರ ಬಾಗಿರುತ್ತದೆ, ಒತ್ತಿದರೆ ಬೆರಳಿಗೆ ಸ್ವಲ್ಪ ಬಗ್ಗುತ್ತದೆ. ಸಿಪ್ಪೆಯ ಮೇಲೆ ಸಣ್ಣ ಸೀಳು ಇದ್ದರೆ ಚಿಂತೆ ಬೇಡ.

ಮುಕ್ಕಾಲು ಪಾಲು ಚೆನ್ನಾಗಿ ಮಾಗಿದ್ದು, ಕಾಲು ಪಾಲು ಇನ್ನೂ ಸ್ವಲ್ಪ ಬಿಗಿಯಾಗಿರುವುದು ತೆಗೆದುಕೊಳ್ಳಿ. ಪೂರ್ತಿ ಕಳಿತ ಹಣ್ಣಿನಲ್ಲಿ ರುಚಿ ಇರುತ್ತದೆ, ಪೆಕ್ಟಿನ್ ಕರಗಿ ಹೋಗಿರುತ್ತದೆ. ಬಿಗಿ ಹಣ್ಣಿನಲ್ಲಿ ಅದು ಇನ್ನೂ ಉಳಿದಿರುತ್ತದೆ.

ಹಣ್ಣನ್ನು ಮೂಗಿನ ಹತ್ತಿರ ಹಿಡಿದು ಮೂಸಿ. ಹುಳಿ ವಾಸನೆ, ಹೆಂಡದ ವಾಸನೆ ಬಂದರೆ ಒಳಗೆ ಹುಳಿತಿದೆ ಅಂತ ಅರ್ಥ. ಬುಡದಲ್ಲಿ ಒಂದು ಸಣ್ಣ ತೂತು ಇರುತ್ತದಲ್ವಾ, ಅಲ್ಲಿಂದ ಹುಳುಗಳೂ ಹುಳಿಯುವ ಸೂಕ್ಷ್ಮಜೀವಿಗಳೂ ಒಳಗೆ ಹೋಗುತ್ತವೆ. ಅಂಥ ಹಣ್ಣನ್ನು ಕುದಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಆ ವಾಸನೆ ಇಡೀ ಪಾತ್ರೆಗೆ ಹರಡುತ್ತದೆ.

ತಂದ ದಿನವೇ ಮಾಡುವುದು ಒಳ್ಳೆಯದು. ಆಗದಿದ್ದರೆ ತೊಳೆಯದೆ, ಒಂದರ ಮೇಲೊಂದು ಪೇರಿಸದೆ ಫ್ರಿಜ್‌ನಲ್ಲಿಡಿ. ಎರಡು ದಿನ ತಡೆಯುತ್ತದೆ.

2. ತೊಳೆದು ಹೆಚ್ಚುವುದು

ನೀರಿನಲ್ಲಿ ನೆನೆಹಾಕಬೇಡಿ. ಆ ತೂತಿನಿಂದ ನೀರು ಒಳಗೆ ಸೇರಿಬಿಡುತ್ತದೆ, ಆಮೇಲೆ ಅದನ್ನೆಲ್ಲ ನೀವೇ ಕುದಿಸಿ ಹೊರಗೆ ಹಾಕಬೇಕು. ನಲ್ಲಿಯ ಕೆಳಗೆ ಒಂದೊಂದನ್ನೇ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ.

ತೊಟ್ಟು ಕತ್ತರಿಸಿದಾಗ ಬೆಳ್ಳಗೆ ಹಾಲು ಬರುತ್ತದೆ, ಬಿಗಿ ಹಣ್ಣಿನಲ್ಲಿ ಜಾಸ್ತಿ. ಈ ಹಾಲು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೆರಳ ಸಂದಿಯಲ್ಲಿ ತುರಿಕೆ, ಉರಿ ಶುರುವಾಗುತ್ತದೆ. ಹಾಲು ಹತ್ತಿದ ಜಾಗಕ್ಕೆ ಬಿಸಿಲು ಬಿದ್ದರೆ ಇನ್ನೂ ಕಷ್ಟ, ಗುಳ್ಳೆ ಏಳುವುದೂ ಉಂಟು. 1 ಕೆಜಿಗಿಂತ ಹೆಚ್ಚು ಹೆಚ್ಚುವುದಿದ್ದರೆ ಕೈಗವಸು ಹಾಕಿಕೊಳ್ಳಿ. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಅಲ್ಲಿಯವರೆಗೆ ಕಣ್ಣು ಮುಟ್ಟಿಕೊಳ್ಳಬೇಡಿ.

ಪ್ರತಿ ಹಣ್ಣನ್ನೂ ಉದ್ದಕ್ಕೆ ಸೀಳಿ ಒಳಗೆ ನೋಡಿ. ತಿರುಳು ಕೆಂಪಗೆ ಅಥವಾ ಜೇನುಬಣ್ಣಕ್ಕೆ ಇದ್ದು ಹೊಳೆಯುತ್ತಿದ್ದರೆ ಸರಿ. ಕಂದುಪುಡಿ, ಇರುವೆ, ಹುಳ ಕಂಡರೆ ಎಸೆಯಿರಿ. ಆಮೇಲೆ ಒಂದೊಂದು ಹಣ್ಣನ್ನು ಎಂಟು ಹೋಳು ಮಾಡಿ. ಮಿಕ್ಸಿಗೆ ಹಾಕುವವರು ಬಹಳ ಜನ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಬೀಜ ಒಡೆದರೆ ಸಣ್ಣ ಕಹಿ ಬರುತ್ತದೆ, ಹಲ್ಲಿಗೆ ಸಿಗುವ ಆ ಕಟುಕಟು ಕೂಡ ಹೋಗುತ್ತದೆ. ಅಂಜೂರದ ಜಾಮ್‌ಗೆ ಅದೇ ಗುರುತು.

3. ಸಿಪ್ಪೆಯ ವಿಚಾರ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ಜಾಮ್ ತಿನ್ನುವಾಗ ಬಾಯಿಗೆ ಚರ್ಮದ ತುಂಡು ಸಿಕ್ಕ ಹಾಗೆ ಆಗುವುದು ಇದರಿಂದಲೇ. ಗಟ್ಟಿ ಸಕ್ಕರೆ ಪಾಕಕ್ಕೆ ಬಿದ್ದ ಸಿಪ್ಪೆ ಆಮೇಲೆ ಮೆತ್ತಗಾಗುವುದಿಲ್ಲ. ಸಕ್ಕರೆ ಅದರೊಳಗಿನ ನೀರನ್ನು ಎಳೆದುಕೊಂಡು ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ.

ಒಂದು ತುಂಡು ಸಿಪ್ಪೆಯನ್ನು ಹಾಗೇ ಜಗಿದು ನೋಡಿ. ಬಾಯಲ್ಲಿ ಕರಗಿದರೆ ತೆಳು ಸಿಪ್ಪೆ. ಹೋಳಿಗೆ ನೇರವಾಗಿ ಸಕ್ಕರೆ ಬೆರೆಸಬಹುದು, ನೀರೂ ಬೇಡ. ಜಗಿದಷ್ಟೂ ಉಳಿದರೆ ದಪ್ಪ ಸಿಪ್ಪೆ. ಆಗ ಅರ್ಧ ಕಪ್ ನೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ ಬೇಯಿಸಿ. ಸಿಪ್ಪೆಯನ್ನು ಎರಡು ಬೆರಳ ನಡುವೆ ಹಿಸುಕಿದರೆ ಹರಿಯಬೇಕು. ಅಲ್ಲಿಯವರೆಗೆ ಸಕ್ಕರೆ ಮುಟ್ಟಬೇಡಿ. ಸಿಪ್ಪೆ ಸುಲಿದೇ ಮಾಡುತ್ತೇನೆ ಅನ್ನುವವರು ಸುಲಿಯಿರಿ, ಆದರೆ ಬಣ್ಣವೂ ಸ್ವಲ್ಪ ಪೆಕ್ಟಿನ್ನೂ ಅದರ ಜೊತೆಗೇ ಹೋಗುತ್ತದೆ.

4. ಸಕ್ಕರೆಯಲ್ಲಿ ಊರಿಡುವುದು

ಹೋಳಿಗೆ (ಬೇಯಿಸಿದ್ದರೆ ಆರಿದ ಮೇಲೆ) 600 ಗ್ರಾಂ ಸಕ್ಕರೆ ಮತ್ತು ಅರ್ಧದಷ್ಟು ನಿಂಬೆರಸ ಹಾಕಿ ಕಲಸಿ. ಮುಚ್ಚಿ 3 ಗಂಟೆ ಹೊರಗಿಡಿ. ರಾತ್ರಿಯಿಡೀ ಇಡುವುದಾದರೆ ಫ್ರಿಜ್‌ನಲ್ಲಿಡಿ. ಸಕ್ಕರೆ ಹಣ್ಣಿನೊಳಗಿನ ರಸವನ್ನು ಎಳೆಯುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಹೋಳುಗಳು ಸೊರಗಿ, ಗುಲಾಬಿ ಬಣ್ಣದ ರಸದಲ್ಲಿ ತೇಲುತ್ತಿರುತ್ತವೆ.

ಇದರ ಲಾಭ ಏನು? ಒಲೆಗಿಡುವ ಹೊತ್ತಿಗೆ ಸಕ್ಕರೆ ಮುಕ್ಕಾಲು ಕರಗಿರುತ್ತದೆ. ತಳ ಹಿಡಿಯುವ ಭಯ ಕಮ್ಮಿ, ಆಮೇಲೆ ಹರಳು ಕಟ್ಟುವುದೂ ಕಮ್ಮಿ.

"ಸಕ್ಕರೆ ಇನ್ನೂ ಕಮ್ಮಿ ಮಾಡಬಹುದಾ?" ಮಾಡಬಹುದು. 400 ಗ್ರಾಂವರೆಗೆ ಇಳಿಸಿ ನೋಡಿದ್ದೇನೆ, ರುಚಿ ಚೆನ್ನಾಗೇ ಇರುತ್ತದೆ. ಆದರೆ ಅದು ಸಡಿಲವಾಗಿರುತ್ತದೆ, ಫ್ರಿಜ್‌ನಲ್ಲೇ ಇಡಬೇಕು, ಮೂರು ವಾರದಲ್ಲಿ ಮುಗಿಸಬೇಕು. ಬೆಲ್ಲ, ಜೇನುತುಪ್ಪ ಹಾಕಿ ಮಾಡಿದ್ದನ್ನೂ ಫ್ರಿಜ್‌ನಲ್ಲೇ ಇಡಿ. ಸಕ್ಕರೆಯ ಬದಲು ಬರುವ ಕೃತಕ ಸಿಹಿಗಳು ಸಿಹಿ ಕೊಡುತ್ತವೆ ಅಷ್ಟೆ, ಕೆಡದಂತೆ ಕಾಯುವುದಿಲ್ಲ.

5. ಕುದಿಸುವುದು, ಹದ ನೋಡುವುದು

ಒಲೆ ಹಚ್ಚುವ ಮುಂಚೆ ಎರಡು ಸಣ್ಣ ತಟ್ಟೆಗಳನ್ನು ಫ್ರೀಜರ್‌ನಲ್ಲಿಡಿ.

ಸಣ್ಣ ಉರಿಯಲ್ಲಿ ಶುರು ಮಾಡಿ. ಸೌಟಿನ ಬೆನ್ನಿಗೆ ಮರಳಿನ ಹಾಗೆ ಸಕ್ಕರೆ ಕಾಣುತ್ತಿದ್ದರೆ ಇನ್ನೂ ಕರಗಿಲ್ಲ. ಪೂರ್ತಿ ಕರಗಿದ ಮೇಲೆ ಉರಿ ಏರಿಸಿ, ಕೊತಕೊತ ಕುದಿಯಲಿ. ಅಂಚಿಗೆ ಹತ್ತಿದ ಸಕ್ಕರೆಯನ್ನು ಒದ್ದೆ ಸೌಟಿನಿಂದ ಒಳಗೆ ಎಳೆದುಕೊಳ್ಳಿ. ಅದು ಹಾಗೇ ಉಳಿದರೆ ಮುಂದೆ ಇಡೀ ಬಾಟಲಿ ಹರಳುಗಟ್ಟಲು ಅದೇ ಬೀಜ. ನೊರೆ ಬಂದರೆ ಆಗಾಗ ತೆಗೆಯುವುದು ಬೇಡ, ಕೊನೆಗೆ ಒಂದೇ ಸಲ ತೆಗೆದರೆ ಸಾಕು.

ಮೊದಲ 10 ನಿಮಿಷ ಸುಮ್ನೆ ಆಗಾಗ ಕೈಯಾಡಿಸಿದರೆ ಸಾಕು. ಆಮೇಲೆ ಒಲೆಯ ಹತ್ತಿರದಿಂದ ಕದಲಬೇಡಿ. ಅಂಜೂರ ಬೇಗ ತಳ ಹಿಡಿಯುತ್ತದೆ. ಸೌಟು ತಳವನ್ನು ಗೀರಿಕೊಂಡೇ ಹೋಗಬೇಕು. ಕುದಿಯುವ ಶಬ್ದ ಕೇಳುತ್ತಿರಿ. ಶುರುವಿನಲ್ಲಿ ಸಣ್ಣ ಗುಳ್ಳೆಗಳು, ನೀರು ಕುದಿದ ಹಾಗೆ ಸದ್ದು. ಹದ ಹತ್ತಿರವಾದ ಹಾಗೆ ಗುಳ್ಳೆ ದೊಡ್ಡದಾಗುತ್ತದೆ, ಮಂದವಾಗುತ್ತದೆ, ಲೊಚಕ್ ಲೊಚಕ್ ಅಂತ ಒಡೆಯುತ್ತದೆ. ಈ ಹೊತ್ತಿನಲ್ಲಿ ಸಿಡಿಯುವ ಹನಿ ಕುದಿಯುವ ನೀರಿಗಿಂತ ಬಿಸಿ, ಜೊತೆಗೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉದ್ದ ಹಿಡಿಯ ಸೌಟು ಬಳಸಿ, ಮಕ್ಕಳನ್ನು ದೂರ ಇಡಿ. ಉರಿ ಕಮ್ಮಿ ಮಾಡಿ, ಉಳಿದ ನಿಂಬೆರಸ ಹಾಕಿ. ಸಿಟ್ರಿಕ್ ಆಸಿಡ್ ಬಳಸುವವರೂ ಅರ್ಧ ಶುರುವಿನಲ್ಲಿ, ಅರ್ಧ ಈಗ ಹಾಕಿ.

ಹದ ಗೊತ್ತಾಗುವುದು ಹೇಗೆ? ಮೂರು ದಾರಿ ಇದೆ. ಯಾವುದಾದರೂ ಎರಡು ತಾಳೆಯಾದರೆ ಇಳಿಸಿಬಿಡಿ.

ತಟ್ಟೆಯ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದು. ಒಲೆ ಆರಿಸಿ. (ಆರಿಸದೆ ಪರೀಕ್ಷೆ ಮಾಡುತ್ತಾ ನಿಂತರೆ ಅಷ್ಟರಲ್ಲೇ ಹದ ಮೀರುತ್ತದೆ.) ತಣ್ಣನೆಯ ತಟ್ಟೆಗೆ ಅರ್ಧ ಚಮಚ ಜಾಮ್ ಹಾಕಿ ಒಂದು ನಿಮಿಷ ಫ್ರೀಜರ್‌ನಲ್ಲಿಟ್ಟು ತೆಗೆಯಿರಿ. ಬೆರಳಿನಿಂದ ಅಂಚನ್ನು ಮೆಲ್ಲಗೆ ತಳ್ಳಿ. ಮೇಲೆ ಸಣ್ಣ ಸುಕ್ಕು ಬಿದ್ದರೆ ಆಯ್ತು. ಬೆರಳು ಎಳೆದ ಗೆರೆಗೆ ರಸ ಓಡಿಬಂದು ಕೂಡಿಕೊಂಡರೆ ಇನ್ನೂ 2 ನಿಮಿಷ ಕುದಿಸಿ, ಎರಡನೇ ತಟ್ಟೆಯಲ್ಲಿ ನೋಡಿ.

ಥರ್ಮಾಮೀಟರ್ ಇದ್ದವರು 104ರಿಂದ 105 ಡಿಗ್ರಿ ಸೆಲ್ಸಿಯಸ್ ಅಂತ ಓದಿರುತ್ತೀರಿ. ಅದು ಸಮುದ್ರಮಟ್ಟದ ಲೆಕ್ಕ. ಎತ್ತರಕ್ಕೆ ಹೋದ ಹಾಗೆ ನೀರು ಕುದಿಯುವ ಬಿಸಿ ಇಳಿಯುತ್ತದೆ, ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ. 900 ಮೀಟರ್ ಎತ್ತರದಲ್ಲಿ ನೀರು 97ಕ್ಕೇ ಕುದಿಯುತ್ತದೆ, ಅಲ್ಲಿ ಜಾಮ್‌ನ ಹದ 101ರಿಂದ 102. ಅಂಥ ಕಡೆ 105ಕ್ಕೆ ಕಾಯುತ್ತಾ ಕೂತರೆ ಮರುದಿನ ಚಮಚ ಇಳಿಯುವುದಿಲ್ಲ. ಅದಕ್ಕೆ ಸುಲಭ ಉಪಾಯ ಇದೆ. ಅದೇ ಥರ್ಮಾಮೀಟರನ್ನು ಮೊದಲು ಕುದಿಯುವ ನೀರಲ್ಲಿ ಅದ್ದಿ ಅಂಕಿ ನೋಡಿ, ಅದಕ್ಕೆ 4ರಿಂದ 5 ಸೇರಿಸಿ. ಥರ್ಮಾಮೀಟರ್‌ನಲ್ಲೇ ಒಂದು ಡಿಗ್ರಿ ತಪ್ಪಿದ್ದರೂ ಈ ಲೆಕ್ಕ ಕೈಕೊಡುವುದಿಲ್ಲ.

ಮೂರನೆಯದು ತೂಕ. ನನಗೆ ಅತಿ ನಂಬಿಕೆ ಇರುವುದು ಇದರ ಮೇಲೆ. ಜಾಮ್‌ನಲ್ಲಿ ತೂಕದ ಸುಮಾರು ನೂರಕ್ಕೆ 65 ಪಾಲು ಸಕ್ಕರೆ ಇದ್ದಾಗ ಹದ ಬರುತ್ತದೆ, ಕೆಡದೆ ಉಳಿಯುತ್ತದೆ. 600 ಗ್ರಾಂ ನೀವು ಹಾಕಿದ್ದು. 1 ಕೆಜಿ ಅಂಜೂರದಲ್ಲೇ ಸಕ್ಕರೆ ಮತ್ತು ಕರಗಿದ ಇತರ ಅಂಶ ಸೇರಿ 180 ಗ್ರಾಂ ಹತ್ತಿರ ಇರುತ್ತದೆ. ಒಟ್ಟು 780. ಇದು ನೂರಕ್ಕೆ 65 ಆಗಬೇಕಾದರೆ ಇಡೀ ಜಾಮ್ 1,200 ಗ್ರಾಂ ಇರಬೇಕು. ಖಾಲಿ ಪಾತ್ರೆ, ಸೌಟಿನ ತೂಕ ಬರೆದಿಟ್ಟುಕೊಂಡಿದ್ದೀರಲ್ಲ, ಅದಕ್ಕೆ 1,200 ಕೂಡಿಸಿ. ತಕ್ಕಡಿಯ ಮೇಲೆ ಒಂದು ಮಣೆ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬಿಸಿ ಪಾತ್ರೆಯನ್ನು ಮಣೆಯ ಮೇಲಿಡಿ. ಅಂಕಿ ಅಲ್ಲಿಗೆ ಇಳಿದಿದ್ದರೆ ಕೆಲಸ ಮುಗಿಯಿತು.

ಒಂದು ಸಲ ನಾನೂ ಬಾಣಲೆಯಲ್ಲಿ ತೆಳ್ಳಗೆ ಕಾಣುತ್ತಿದೆ ಅಂತ ಐದು ನಿಮಿಷ ಜಾಸ್ತಿ ಬಿಟ್ಟೆ. ಮರುದಿನ ಬಾಟಲಿಯಲ್ಲಿ ನಿಲ್ಲಿಸಿದ ಚಮಚ ಹಾಗೇ ನಿಂತಿತ್ತು. ಬಿಸಿ ಜಾಮ್ ಯಾವತ್ತೂ ತೆಳ್ಳಗೇ ಕಾಣುತ್ತದೆ. ಆರಿ, ಪೂರ್ತಿ ಬಿಗಿಯಾಗಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು.

ಎರಡು ಎಚ್ಚರಿಕೆ. 2 ಕೆಜಿಗಿಂತ ಜಾಸ್ತಿ ಹಣ್ಣನ್ನು ಒಂದೇ ಸಲ ಮಾಡಬೇಡಿ. ಕುದಿಯುವ ಹೊತ್ತು ಉದ್ದವಾದಷ್ಟೂ ಪೆಕ್ಟಿನ್ ಒಡೆಯುತ್ತದೆ, ಪರಿಮಳ ಹೋಗುತ್ತದೆ. ತಳ ಹಿಡಿದ ವಾಸನೆ ಬಂದರೆ ಕೆರೆಯಬೇಡಿ, ಮೇಲಿನದನ್ನು ಬೇರೆ ಪಾತ್ರೆಗೆ ಸುರಿದುಕೊಳ್ಳಿ.

6. ಬಾಟಲಿಗೆ ತುಂಬುವುದು

ಈ ಹಂತದಲ್ಲಿ ಅವಸರ ಮಾಡಿದವರಿಗೇ ಬೂಸ್ಟು ಬರುವುದು.

ಜಾಮ್ ಕುದಿಯುತ್ತಿರುವಾಗಲೇ ಸೋಪಿನಲ್ಲಿ ತೊಳೆದ ಬಾಟಲಿಗಳನ್ನು ನೀರಲ್ಲಿ ಮುಳುಗಿಸಿ 10 ನಿಮಿಷ ಕುದಿಸಿ, ಬಿಸಿನೀರಲ್ಲೇ ಬಿಟ್ಟಿರಿ. ತಣ್ಣನೆಯ ಬಾಟಲಿಗೆ ಕುದಿಯುವ ಜಾಮ್ ಸುರಿದರೆ ಗಾಜು ಸೀಳುತ್ತದೆ. ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ, ನೀರು ಬಸಿದು, ಬಿಸಿ ಇರುವಾಗಲೇ ತುಂಬಿ. ಬಾಯಿಯಿಂದ ಅರ್ಧ ಸೆಂಟಿಮೀಟರ್‌ಗಿಂತ ಕೊಂಚ ಜಾಸ್ತಿ ಜಾಗ ಬಿಡಿ. ಚಮಚದ ಹಿಡಿಯಿಂದ ಒಳಗಿನ ಗಾಳಿಗುಳ್ಳೆ ಬಿಡಿಸಿ. ಆಮೇಲೆ ಒದ್ದೆ ಬಟ್ಟೆಯಿಂದ ಬಾಯಿಯ ಅಂಚನ್ನು ಒರೆಸಿ. ಅಂಚಿನಲ್ಲಿ ಒಂದು ಬೀಜ ಉಳಿದರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅಂಜೂರದಲ್ಲಿ ಬೀಜಕ್ಕೇನು ಬರವೇ!

ತಿಂಗಳೊಳಗೆ ಮುಗಿಯುತ್ತದೆ ಅಂದರೆ ಮುಚ್ಚಿ, ಆರಿದ ಮೇಲೆ ಫ್ರಿಜ್‌ಗೆ ಇಡಿ. ಇಲ್ಲಿಗೆ ಮುಗಿಯಿತು. ವರ್ಷವಿಡೀ ಹೊರಗಿಡಬೇಕು ಅಂದರೆ ಮುಚ್ಚಿದ ಬಾಟಲಿಗಳನ್ನು ಮತ್ತೆ ಕುದಿಸಬೇಕು. ದೊಡ್ಡ ಪಾತ್ರೆಯ ತಳಕ್ಕೆ ಮಡಚಿದ ಬಟ್ಟೆ ಹಾಸಿ, ಬಾಟಲಿಗಳನ್ನು ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿ. ಮುಚ್ಚಳದ ಮೇಲೆ 2.5 ಸೆಂಟಿಮೀಟರ್ ನೀರು ನಿಲ್ಲಬೇಕು. ನೀರು ಕುದಿ ಬಂದ ಮೇಲೆ ಲೆಕ್ಕ ಹಾಕಿ 10 ನಿಮಿಷ, 1,800 ಮೀಟರ್‌ಗಿಂತ ಎತ್ತರದ ಜಾಗದಲ್ಲಿ 15 ನಿಮಿಷ. ತೆಗೆದು, ಗಾಳಿ ಬೀಸದ ಕಡೆ ಬಟ್ಟೆಯ ಮೇಲೆ ಒಂದು ದಿನ ಅಲ್ಲಾಡಿಸದೆ ಬಿಡಿ. ತಣ್ಣಗಾಗುವಾಗ ಟಕ್ ಅಂತ ಶಬ್ದ ಬಂದರೆ ಮುಚ್ಚಳ ಒಳಕ್ಕೆ ಎಳೆದುಕೊಂಡಿತು ಅಂತ ಅರ್ಥ. ಮರುದಿನ ಮುಚ್ಚಳದ ನಡುವೆ ಒತ್ತಿ ನೋಡಿ, ಮೇಲೆ ಕೆಳಗೆ ಆಡಿದರೆ ಅದು ಮುಚ್ಚಿಕೊಂಡಿಲ್ಲ. ಆ ಬಾಟಲಿ ಫ್ರಿಜ್‌ಗೆ.

ಬಿಸಿ ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿದರೆ ಸಾಕು ಅನ್ನುವ ಮಾತು ಬಹಳ ಓಡಾಡುತ್ತದೆ. ನಂಬಬೇಡಿ. ಅದರಿಂದ ಮುಚ್ಚಳ ಗಟ್ಟಿಯಾಗಿ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ.

ಏಲಕ್ಕಿ, ದಾಲ್ಚಿನ್ನಿ, ಶುಂಠಿಪುಡಿ ಒಂದು ಚಿಟಿಕೆ ಹಾಕುವುದಕ್ಕೆ ಅಡ್ಡಿಯಿಲ್ಲ. ಗೋಡಂಬಿ, ಬೆಣ್ಣೆ, ತುಪ್ಪ ಹಾಕಿದರೆ ಹೊರಗಿಡಬೇಡಿ.

ಎಡವಟ್ಟಾದರೆ

ಎರಡು ದಿನ ಕಳೆದರೂ ತೆಳ್ಳಗಿದ್ದರೆ ಪಾತ್ರೆಗೆ ಹಾಕಿ, ಪ್ರತಿ ಕೆಜಿಗೆ ಇನ್ನೊಂದು ದೊಡ್ಡ ಚಮಚ ನಿಂಬೆರಸ ಸೇರಿಸಿ ಮತ್ತೆ ಕುದಿಸಿ, ತಟ್ಟೆಯ ಪರೀಕ್ಷೆ ಮಾಡಿ. ಮುಂದಿನ ಸಲ ನಿಂಬೆಯ ಬೀಜ ಮತ್ತು ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಣ್ಣಿನ ಜೊತೆ ಕುದಿಸಿ, ಕೊನೆಗೆ ಹಿಂಡಿ ತೆಗೆಯಿರಿ. ಪೆಕ್ಟಿನ್ ತುಂಬಿರುವುದು ಅಲ್ಲೇ.

ತೀರಾ ಗಟ್ಟಿಯಾಗಿದ್ದರೆ, ಬೇಕಾದಷ್ಟನ್ನು ಮಾತ್ರ ಒಂದೆರಡು ಚಮಚ ಬಿಸಿನೀರಿನ ಜೊತೆ ಮೆಲ್ಲಗೆ ಬಿಸಿ ಮಾಡಿ, ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ. ಹರಳು ಕಟ್ಟಿದ್ದರೆ ಕೆಟ್ಟಿಲ್ಲ, ಸಣ್ಣಗೆ ಬಿಸಿ ಮಾಡಿದರೆ ಕರಗುತ್ತದೆ.

ಬೂಸ್ಟು ಬಂದಿದ್ದರೆ ಮಾತ್ರ ಯಾವ ರಿಪೇರಿಯೂ ಇಲ್ಲ. ಮೇಲಿನದನ್ನು ಕೆರೆದು ಕೆಳಗಿನದನ್ನು ತಿನ್ನುವವರಿದ್ದಾರೆ. ಕಣ್ಣಿಗೆ ಕಾಣುವುದು ಮೇಲಿನ ಪದರ ಅಷ್ಟೆ, ಬೂಸ್ಟಿನ ಎಳೆಗಳೂ ಅದು ಬಿಡುವ ವಿಷವೂ ಒಳಗೆ ಇಳಿದಿರಬಹುದು. ಇಡೀ ಬಾಟಲಿ ಎಸೆಯಿರಿ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಗುಳ್ಳೆ ಎದ್ದರೆ, ಹೆಂಡದ ವಾಸನೆ ಬಂದರೆ ರುಚಿ ನೋಡುವುದೂ ಬೇಡ.

ಬಾಟಲಿಯ ಮೇಲೆ ಮಾಡಿದ ದಿನಾಂಕ, ಹಾಕಿದ ಸಕ್ಕರೆ, ಇಳಿಸಿದಾಗಿನ ತೂಕ ಮೂರನ್ನೂ ಬರೆದು ಅಂಟಿಸಿ. ತಂಪಾದ, ಬೆಳಕು ಬೀಳದ ಜಾಗದಲ್ಲಿಟ್ಟರೆ ಒಂದು ವರ್ಷ ಇರುತ್ತದೆ. ತೆರೆದ ಮೇಲೆ ಫ್ರಿಜ್‌ನಲ್ಲಿ ಒಂದು ತಿಂಗಳು. ಪ್ರತಿ ಸಲ ಒಣ ಚಮಚವನ್ನೇ ಹಾಕಿ.